ನಮ್ಮ ಬೆಂಗಳೂರಿನ ಗಾಳಿ ದೆಹಲಿಗಿಂತ ಪರವಾಗಿಲ್ಲ ಅಲ್ವಾ, ಡಾಕ್ಟ್ರೇ?

ನವೆಂಬರ್ ಬಂತೆಂದರೆ ಈ ಪ್ರಶ್ನೆಯೂ ನನ್ನ ಕ್ಲಿನಿಕ್ಕಿಗೆ ಬಂತು ಅಂತಲೇ ಲೆಕ್ಕ. ಟಿವಿಯಲ್ಲಿ ದೆಹಲಿಯ ಹೊಗೆ ತೋರಿಸುತ್ತಾರೆ. ಇಲ್ಲಿ ಕೆಮ್ಮುತ್ತಾ ಕೂತವರಿಗೆ ಅದೇನೋ ಸಮಾಧಾನ.

ಹೋದ ಚಳಿಗಾಲದಲ್ಲಿ ಒಬ್ಬ ಹಿರಿಯರು ಬಂದರು. ಬನಶಂಕರಿ ಕಡೆಯವರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಹಳೇ ಆಸ್ತಮಾ. ಗಾಳಿಯ ಗುಣಮಟ್ಟದ ಸೂಚ್ಯಂಕ (ಎಕ್ಯೂಐ; ಅಂಕಿ ಹೆಚ್ಚಾದಷ್ಟೂ ಗಾಳಿ ಕೆಟ್ಟದ್ದು) ತೋರಿಸುವ ಆ್ಯಪ್ ತೆರೆದು, ಫೋನ್ ನನ್ನ ಮುಖಕ್ಕೆ ಹಿಡಿದು, "ನೋಡಿ, ಎಕ್ಯೂಐ 78. ಹಸಿರು! ಅದಕ್ಕೇ ಇನ್ಹೇಲರ್ ಬಿಟ್ಟೆ" ಅಂದರು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಒಳಗೆ ಸುಯ್ ಅಂತ ಸೀಟಿ.

ದೆಹಲಿ ಇರುವ ಜಾಗವೇ ಬೇರೆ. ಬಯಲು ಸೀಮೆ, ಉತ್ತರಕ್ಕೆ ಹಿಮಾಲಯದ ಗೋಡೆ. ಚಳಿಗಾಲದಲ್ಲಿ ಗಾಳಿ ಅಲ್ಲಾಡುವುದಿಲ್ಲ. ನೆಲದ ಹತ್ತಿರದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ವಾಹನ, ಇಟ್ಟಿಗೆ ಗೂಡು, ಒಲೆ, ಪಂಜಾಬ್–ಹರಿಯಾಣದಲ್ಲಿ ಸುಡುವ ಭತ್ತದ ಕೂಳೆ, ಎಲ್ಲದರ ಹೊಗೆಯೂ ಅದರಡಿ ಸಿಕ್ಕಿಬೀಳುತ್ತದೆ. ನಾವಿರುವುದು ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ. ಅಡ್ಡಕ್ಕೆ ಬೆಟ್ಟದ ಗೋಡೆಯಿಲ್ಲ. ಮುಂಗಾರಿನ ಗಾಳಿ ಬೀಸಿದರೆ ಊರು ಗುಡಿಸಿದಂತಾಗುತ್ತದೆ. ಅಂದರೆ ನಮ್ಮ ಹೊಗೆ ಹಾರಿಹೋಗುತ್ತಿದೆ, ಅಷ್ಟೇ. ನಾವು ಹೊಗೆ ಕಡಿಮೆ ಮಾಡಿದ್ದೇವೆ ಅಂತಲ್ಲ. ಈ ಊರಿನ ವಾಹನಗಳು ಒಂದು ಕೋಟಿ ದಾಟಿವೆ.

ಆ ಹಿರಿಯರಿಗೆ ಹೀಗೆ ಹೇಳಿದೆ: "ಸರ್, ಸೌದೆ ಒಲೆಯ ಅಡುಗೆಮನೆಯಲ್ಲಿ ಕಿಟಕಿ ತೆಗೆದಿದ್ದರೆ ನಡುಮನೆಗೆ ಹೊಗೆ ಬರಲ್ಲ. ಆದ್ರೆ ಒಲೆ ಮುಂದೆ ಕೂತ ಅಮ್ಮನ ಕಣ್ಣುರಿ ತಪ್ಪುತ್ತಾ?" ಅವರು ಬೆಳಿಗ್ಗೆ ಏಳೂವರೆಗೆ ವಾಕಿಂಗ್ ಹೋಗುತ್ತಿದ್ದದ್ದು ರಿಂಗ್ ರೋಡಿನ ಪಕ್ಕದಲ್ಲಿ! ಚಳಿಗಾಲದ ಬೆಳಿಗ್ಗೆ ಆ ಮುಚ್ಚಳ ಇಲ್ಲೂ ಸ್ವಲ್ಪ ಹೊತ್ತು ಇರುತ್ತದೆ. ಅದೇ ಹೊತ್ತಿಗೆ ಸ್ಕೂಲ್ ಬಸ್ಸು, ಟೆಂಪೋ ಎಲ್ಲಾ ಶುರು.

ಇನ್ನು ಆ 78. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗಿಲ್ಲ, ಕೇಳುವವರಿಗೆ ಸಾಕಾಗಿದೆ. ಅದು ಎಲ್ಲೋ ಒಂದು ಮಾಪನ ಕೇಂದ್ರದ ಅಂಕಿ, ನಿಮ್ಮ ಮೂಗಿನದ್ದಲ್ಲ. ಸಣ್ಣ ದೂಳಿನ ಕಣ, ಅಂದರೆ ಪಿಎಂ 2.5 ವಿಷಯದಲ್ಲಿ, ನಮ್ಮ ದೇಶದ ಎಕ್ಯೂಐ ನೋಡುವುದು 24 ಗಂಟೆಯ ಸರಾಸರಿ. ನೀವು ಸಿಗ್ನಲ್ಲಿನಲ್ಲಿ ನಿಂತ ಹತ್ತು ನಿಮಿಷ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ, ನಿಮ್ಮ ಶ್ವಾಸಕೋಶದಲ್ಲಿ ಕರಗಲ್ಲ. ಎಕ್ಯೂಐ 50 ಅಂದರೆ ಘನ ಮೀಟರ್ ಗಾಳಿಗೆ ಈ ಕಣ 30 ಮೈಕ್ರೋಗ್ರಾಂ. 100 ಅಂದರೆ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನಕ್ಕೆ ಹೇಳಿದ ಮಿತಿ 15. ಅಂದರೆ ನಮ್ಮ 'ಉತ್ತಮ' ಮುಗಿಯುವ ಜಾಗವೇ, ಎಕ್ಯೂಐ 50, ಅದರ ಎರಡು ಪಟ್ಟು. ಹಸಿರು ಬಣ್ಣ ಔಷಧಿ ಬಿಡಲು ಚೀಟಿಯಲ್ಲ.

ಹಾಗಂತ ಎಲ್ಲಾ ಕೆಮ್ಮನ್ನೂ ರಸ್ತೆಯ ತಲೆಗೆ ಕಟ್ಟಲಾರೆ. ಹಾಸಿಗೆಯ ದೂಳು, ಕಾಂಗ್ರೆಸ್ ಗಿಡದ ಪರಾಗ, ಹೊಟ್ಟೆಯ ಆಸಿಡ್, ಬೀಡಿ, ಇವೂ ಇವೆ. ಕಿಟಕಿ ಮುಚ್ಚಿ ದಿನಕ್ಕೆ ಆರು ಊದುಬತ್ತಿ ಹಚ್ಚಿ, "ಹೊರಗಿನ ಗಾಳಿ ಸರಿಯಿಲ್ಲ" ಅನ್ನುವವರೂ ಇದ್ದಾರೆ. ಪರೀಕ್ಷೆ ಮಾಡದೆ ಯಾರಿಗೂ ಏನೂ ಹೇಳುವಂತಿಲ್ಲ.

ನನ್ನ ಹತ್ತಿರ ಬರುವ ಒಬ್ಬ ಆಟೋ ಡ್ರೈವರ್ ಆ್ಯಪ್ ನೋಡಿದ್ದೇ ಇಲ್ಲ. "ಭಾನುವಾರ ಎದೆ ಹಗುರ ಇರುತ್ತೆ ಸಾರ್, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ್ರೆ ಬಿಗಿಯುತ್ತೆ" ಅನ್ನುತ್ತಾರೆ. ಮಾಪನ ಕೇಂದ್ರದ ಅಂಕಿಗಿಂತ ಇದು ನನಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬನಶಂಕರಿಯ ಹಿರಿಯರು ಇನ್ಹೇಲರ್ ಮತ್ತೆ ಶುರು ಮಾಡಿದ್ದಾರೆ. ವಾಕಿಂಗ್ ಈಗ ಸಂಜೆ, ಒಳಗಿನ ಅಡ್ಡರಸ್ತೆಗಳಲ್ಲಿ. ಹೋದ ವಾರ ಬಂದಾಗ ಉಸಿರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅರ್ಧ ಗಂಟೆ ಬೀದಿ ನಾಯಿಗಳ ಕಾಟದ ಬಗ್ಗೆಯೇ ದೂರು.