ಹೋಗದೆ ಉಳಿದ ದಾರಿಯ ಹಳಹಳಿಕೆ

ಪ್ರಶ್ನೆ: ನನಗೆ 25 ವರ್ಷ. ಊರು ವಿರಾಜಪೇಟೆ ಹತ್ತಿರ. ಮೂರು ವರ್ಷದ ಹಿಂದೆ ಮೈಸೂರಿನಲ್ಲಿ ಎಂ.ಕಾಂ. ಸೀಟು ಸಿಕ್ಕಿತ್ತು. ಅಪ್ಪನಿಗೆ ಹುಷಾರಿಲ್ಲದ ಕಾರಣ ತೋಟ ನೋಡಿಕೊಂಡು ಉಳಿದುಬಿಟ್ಟೆ. ಈಗ ಗೆಳತಿಯರೆಲ್ಲ ಕೆಲಸದಲ್ಲಿದ್ದಾರೆ. ಮಲಗಿದರೆ ‘ಅಂದು ಹೋಗಬೇಕಿತ್ತು’ ಎಂಬ ಯೋಚನೆಯೇ. ಏನು ಮಾಡಲಿ?

ಉತ್ತರ: ಇದನ್ನು ಪಶ್ಚಾತ್ತಾಪ ಎಂದುಕೊಳ್ಳಬೇಡಿ. ಅದು ತಪ್ಪು ಮಾಡಿದವರ ಸಂಕಟ. ನೀವು ಕಾಯಿಲೆಬಿದ್ದ ತಂದೆಯ ಪಕ್ಕದಲ್ಲಿ ನಿಂತವರು. ನಿಮ್ಮನ್ನು ಕಾಡುತ್ತಿರುವುದು ಹಳಹಳಿಕೆ. ಎರಡನ್ನೂ ಒಂದೇ ಎಂದು ತಿಳಿದವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದ್ದರು. ಮಾಡಿ ಕೆಡಿಸಿಕೊಂಡದ್ದು ಆ ಹೊತ್ತಿಗೆ ಹೆಚ್ಚು ಉರಿಯುತ್ತದೆ, ಮಾಡದೆ ಬಿಟ್ಟದ್ದು ವರ್ಷಗಟ್ಟಲೆ ಕೊರೆಯುತ್ತದೆ ಎಂದು ಅವರು ಕಂಡುಕೊಂಡರು. ಮಾಡಿದ್ದರ ಫಲ ಕಣ್ಣೆದುರಿಗಿರುತ್ತದೆ. ಮಾಡದ್ದನ್ನು ಎಷ್ಟು ಚೆಂದವಾಗಿಯಾದರೂ ಊಹಿಸಿಕೊಳ್ಳಬಹುದು. ನೀವು ಹೋಗದ ಮೈಸೂರಿನಲ್ಲಿ ಹಾಸ್ಟೆಲ್ ಊಟ ಸೇರದ ದಿನವಿಲ್ಲ, ಅಪ್ಪ ಹೇಗಿದ್ದಾರೋ ಎಂದು ಫೋನ್ ಹಿಡಿದು ಕುಳಿತ ರಾತ್ರಿಯೂ ಇಲ್ಲ.

ನನಗೂ ಇಂಥದೊಂದಿದೆ. ‘ಕಕ್ಕಡ ಹದಿನೆಂಟಕ್ಕೆ ಬಾ, ಮದ್ದುಪಾಯಸ ಮಾಡುತ್ತೇನೆ’ ಎಂದು ಅಜ್ಜಿ ಕರೆದಿದ್ದರು. ಕೊಡಗಿನಲ್ಲಿ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪು ಎಂಬ ಔಷಧೀಯ ಸೊಪ್ಪಿನ ರಸದಿಂದ ಈ ಪಾಯಸ ಮಾಡುತ್ತಾರೆ. ನನಗಾಗ 23. ಮಳೆ ಕಡಿಮೆಯಾಗಲಿ ಎಂದು ಮುಂದೂಡಿದೆ. ಅದೇ ತಿಂಗಳು ಅಜ್ಜಿ ತೀರಿಕೊಂಡರು. ಹೋಗಿ ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ಬಾಳೆನಾರಿನಿಂದ ಕಟ್ಟಿದ ಮದ್ದುಸೊಪ್ಪು ಬಾಡಿ ಬಿದ್ದಿತ್ತು. ಆ ಕಟ್ಟನ್ನು ಮರೆಯಲು ನಾನು ಯತ್ನಿಸಿಲ್ಲ. ಈಗ ಯಾರು ಕರೆದರೂ ಮಳೆ ನೋಡದೆ ಹೊರಡುತ್ತೇನೆ.

ನೀವು ಒಂದು ಹಾಳೆ ತೆಗೆದುಕೊಂಡು, ಆ ದಿನ ನಿಮಗೆ ಗೊತ್ತಿದ್ದುದನ್ನಷ್ಟೇ ಬರೆಯಿರಿ: ಅಪ್ಪನ ಸ್ಥಿತಿ, ಕಾಫಿ ಕುಯ್ಲಿಗೆ ಆಳು ಸಿಗದ ಕಷ್ಟ, ಕೈಯಲ್ಲಿದ್ದ ಹಣ. ಇಂದಿನ ತಿಳಿವಳಿಕೆಯನ್ನು ಅದಕ್ಕೆ ಸೇರಿಸಬೇಡಿ. ಆಮೇಲೆ, ಕಳೆದುಕೊಂಡದ್ದು ಓದೋ, ಗೆಳತಿಯರ ಜೊತೆಯೋ, ಊರಾಚೆಯ ಬದುಕೋ ಎಂದು ಬಿಡಿಸಿ ನೋಡಿ. ಓದೇ ಆಗಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಕಾಂ. ಅನ್ನು ದೂರಶಿಕ್ಷಣದಲ್ಲಿ ಮಾಡಬಹುದು; ತೋಟ ಬಿಡಬೇಕಾಗಿಲ್ಲ.

ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ಮಾತು. ಇದನ್ನು ಅಪ್ಪನಿಗೆ ಹೇಳಿದ್ದೀರಾ? ‘ನನ್ನಿಂದ ಮಗಳ ಓದು ನಿಂತಿತು’ ಎಂದು ಅವರೂ ಕೊರಗುತ್ತಿರಬಹುದು. ಸಂಜೆ ಕಾಫಿಗೆ ಕುಳಿತಾಗ ಕೇಳಿ ನೋಡಿ.