ನೈತಿಕ ಧೈರ್ಯ: ‘ನಾಲ್ಕು ಜನ ಏನಂತಾರೆ’ ಅನ್ನುವ ಭಯದ ಎದುರು

ಪೇಪರ್ ಬಿಡಿಸಿದರೆ ಈ ಪದ ಕಣ್ಣಿಗೆ ಬೀಳುತ್ತದೆ. ‘ನೈತಿಕ ಧೈರ್ಯ ಇದ್ದರೆ ರಾಜೀನಾಮೆ ಕೊಡಲಿ’ ಅಂತ ಒಬ್ಬರು ಇನ್ನೊಬ್ಬರಿಗೆ ಸವಾಲು ಹಾಕುತ್ತಾರೆ. ಪಕ್ಕದಲ್ಲೇ ‘ಪೊಲೀಸರ ನೈತಿಕ ಸ್ಥೈರ್ಯ ಕುಗ್ಗಿಸಬೇಡಿ’ ಅಂತಲೂ ಇರುತ್ತದೆ. ಎರಡೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಆದರೆ ಒಂದೇ ಅಲ್ಲ. ಸ್ಥೈರ್ಯ ಅಂದರೆ ಹುಮ್ಮಸ್ಸು, ನಮ್ಮವರೆಲ್ಲ ಜೊತೆಗಿದ್ದಾಗ ಬರುವ ಬಲ. ನೈತಿಕ ಧೈರ್ಯ ಬೇಕಾಗುವುದು ಆ ನಮ್ಮವರೇ ತಪ್ಪು ಮಾಡುತ್ತಿರುವಾಗ.

ಧೈರ್ಯದ ಮಾತಿಗೆ ಕನ್ನಡದಲ್ಲಿ ಬರವಿಲ್ಲ. ಕೆಚ್ಚು, ಎದೆಗಾರಿಕೆ, ದಿಟ್ಟತನ. ಹಿಂದುಮುಂದು ನೋಡದೆ ನುಗ್ಗಿದರೆ ಹುಂಬ ಧೈರ್ಯ, ತಪ್ಪು ಮಾಡಿಯೂ ತಲೆ ಎತ್ತಿ ತಿರುಗಿದರೆ ಭಂಡ ಧೈರ್ಯ. ನೈತಿಕ ಧೈರ್ಯ ಇವುಗಳ ಸಾಲಿಗೆ ಸೇರುವುದಿಲ್ಲ, ಯಾಕಂದರೆ ಅದು ಎದುರಿಸುವ ಭಯವೇ ಬೇರೆ. ಬಾವಿಗೆ ಹಾರಿ ಮಗುವನ್ನು ಎತ್ತಿ ತರುವ ಮನುಷ್ಯ, ತನ್ನ ಮನೆಯಲ್ಲೇ ಕೆಲಸದವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟಾಗ ಸುಮ್ಮನೆ ಕೂತಿರಬಹುದು. ಅಲ್ವಾ? ಸಾಯುವ ಭಯ ಗೆದ್ದವರನ್ನೂ ‘ನಾಲ್ಕು ಜನ ಏನಂತಾರೆ’ ಅನ್ನುವ ಭಯ ಕಟ್ಟಿಹಾಕುತ್ತದೆ.

ಈ ಪದ ನನಗೆ ಸರಿಯಾಗಿ ಅರ್ಥವಾಗಿದ್ದು ಜೂಲಿಯೆಟ್ ಹ್ಯಾಂಪ್ಟನ್ ಮಾರ್ಗನ್ ಅವರ ಕಥೆ ಓದಿದಾಗ. ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗಮರಿ ಊರಿನವರು, ಬಿಳಿಯ ಹೆಂಗಸು, ಲೈಬ್ರರಿಯನ್. ಅವರಿಗೆ ಪ್ಯಾನಿಕ್ ಅಟ್ಯಾಕ್ ಆಗುತ್ತಿತ್ತು. ಕಾರು ಓಡಿಸಲು ಆಗುತ್ತಿರಲಿಲ್ಲ, ಅದಕ್ಕೇ ಸಿಟಿ ಬಸ್ಸಿನಲ್ಲಿ ಓಡಾಡುತ್ತಿದ್ದರು. ಆ ಬಸ್ಸುಗಳಲ್ಲಿ ಮುಂದಿನ ಸೀಟು ಬಿಳಿಯರಿಗೆ. ಕಪ್ಪು ಜನ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕಿತ್ತು, ಎಷ್ಟೋ ಸಲ ಅವರು ಹಿಂದಕ್ಕೆ ಬರುವಷ್ಟರಲ್ಲಿ ಡ್ರೈವರ್ ಬಸ್ಸು ಹೊರಡಿಸಿಬಿಡುತ್ತಿದ್ದ. ಒಂದು ದಿನ ಒಬ್ಬ ಹೆಂಗಸಿಗೆ ಹೀಗಾದಾಗ ಮಾರ್ಗನ್ ಎದ್ದು ತುರ್ತು ಹಗ್ಗ ಜಗ್ಗಿ ಬಸ್ಸು ನಿಲ್ಲಿಸಿದರು, ಬಾಗಿಲು ತೆಗೆಯಲೇಬೇಕು ಅಂತ ಪಟ್ಟು ಹಿಡಿದರು. 1939ರಲ್ಲೇ ಪತ್ರಿಕೆಗೆ ಈ ಅನ್ಯಾಯದ ಬಗ್ಗೆ ಬರೆಯಲು ಶುರುಮಾಡಿದ್ದರು. ಅದಕ್ಕಾಗಿ ಒಂದು ಕೆಲಸವನ್ನೂ ಕಳೆದುಕೊಂಡರು.

1955ರ ಮಾರ್ಚ್ 2ರಂದು 15 ವರ್ಷದ ಕ್ಲಾಡೆಟ್ ಕಾಲ್ವಿನ್, ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್, ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದರು. ಆಮೇಲೆ 381 ದಿನ ಊರಿನ ಕಪ್ಪು ಜನ ಬಸ್ಸು ಹತ್ತಲಿಲ್ಲ. ಮಳೆಯಲ್ಲೂ ನಡೆದರು. ಕಾಲ್ವಿನ್ ಸೇರಿ ನಾಲ್ಕು ಹೆಂಗಸರ ಕೇಸಿನಲ್ಲಿ 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಗೆದ್ದವರು ಅವರು, ಮಾರ್ಗನ್ ಅಲ್ಲ. ಇದನ್ನು ಒತ್ತಿ ಹೇಳಲೇಬೇಕು. ಜನಾಂಗೀಯ ನ್ಯಾಯ ಅಂದರೂ ಇದೇ: ‘ಪಾಪ, ಅವರನ್ನು ಚೆನ್ನಾಗಿ ನೋಡಿಕೊಳ್ಳಿ’ ಅನ್ನುವ ಕನಿಕರ ಅಲ್ಲ, ಎದ್ದೇಳು ಅನ್ನುವ ಆ ನಿಯಮವೇ ಹೋಗಬೇಕು ಅನ್ನುವ ಹಕ್ಕಿನ ಮಾತು.

ಹಾಗಾದರೆ ಮಾರ್ಗನ್ ಹೆಸರು ಯಾಕೆ ತಂದೆ? ಅವರು ಸುಮ್ನೆ ಇದ್ದಿದ್ದರೆ ಅವರಿಗೇನೂ ನಷ್ಟವಿರಲಿಲ್ಲ. ಬಹಿಷ್ಕಾರ ಶುರುವಾಗಿ ಒಂದೇ ವಾರಕ್ಕೆ, ಡಿಸೆಂಬರ್ 12ರಂದು, ಅವರ ಪತ್ರ ‘ಮಾಂಟ್ಗಮರಿ ಅಡ್ವರ್ಟೈಸರ್’ನಲ್ಲಿ ಬಂತು. ನಡೆಯುತ್ತಿರುವ ಈ ಜನರನ್ನು ಅವರು ಗಾಂಧೀಜಿಯ ಉಪ್ಪಿನ ಸತ್ಯಾಗ್ರಹಕ್ಕೆ ಹೋಲಿಸಿದ್ದರು. ಆ ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಹೆಸರು ಆಗಿನ್ನೂ ಊರಾಚೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ! ಆಮೇಲೆ ಬೆದರಿಕೆ ಕರೆಗಳು, ಕಿಟಕಿಗೆ ಕಲ್ಲು. ಬಿಳಿಯ ಓದುಗರು ಲೈಬ್ರರಿ ಕಾರ್ಡು ಹರಿದುಹಾಕಿದರು. ಹಳೆಯ ಸ್ನೇಹಿತರು ಮಾತು ಬಿಟ್ಟರು. ಇವರೇ ನೋಡಿ ಆ ‘ನಾಲ್ಕು ಜನ’.

1957ರಲ್ಲಿ ಮಾರ್ಗನ್ ಇನ್ನೊಂದು ಪತ್ರಿಕೆಯ ಸಂಪಾದಕರಿಗೆ ಬರೆದ ಪತ್ರದಲ್ಲಿ ಇದೇ ಪದ ಬರುತ್ತದೆ. ತಮಗೆ ಸರಿ ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳುವ ನೈತಿಕ ಧೈರ್ಯ ಇರುವ ಬಿಳಿಯ ಗಂಡಸರು ಈ ರಾಜ್ಯದಲ್ಲಿ ಯಾರಾದರೂ ಇದ್ದಾರಾ ಅಂತ ನನಗೆ ಅನುಮಾನ ಬಂದಿತ್ತು, ಅಂತ ಅವರು ಬರೆದಿದ್ದರು. ಎಷ್ಟೋ ಜನಕ್ಕೆ ಒಳಗೊಳಗೇ ಗೊತ್ತಿದೆ, ಒಂಟಿಯಾಗಿ ನಿಲ್ಲಲು ಹೆದರುತ್ತಾರೆ, ಅಂತಲೂ ಹೇಳಿದ್ದರು. ಬರೆದವರು ಸ್ವತಃ ಹೆದರಿಕೆಯ ಜೊತೆಗೇ ಬದುಕುತ್ತಿದ್ದವರು. ಹಾಗಾಗಿ ನೈತಿಕ ಧೈರ್ಯ ಅಂದರೆ ಭಯ ಇಲ್ಲದಿರುವುದು ಅಂತ ಯಾರಾದರೂ ಅರ್ಥ ಹೇಳಿದರೆ ನಾನು ಒಪ್ಪುವುದಿಲ್ಲ.

ಪತ್ರ ಅಚ್ಚಾದ ಮೇಲೆ ಅವರ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು. ಅಲ್ಲಿ ಅದು ಕೊಲೆ ಬೆದರಿಕೆಯ ಗುರುತು. 1957ರ ಜುಲೈನಲ್ಲಿ ಮಾರ್ಗನ್ ಲೈಬ್ರರಿ ಕೆಲಸ ಬಿಟ್ಟರು. ಮರುದಿನ ಬೆಳಿಗ್ಗೆ ಅವರು ಬದುಕಿರಲಿಲ್ಲ, ತಮ್ಮ ಪ್ರಾಣ ತಾವೇ ಕಳೆದುಕೊಂಡಿದ್ದರು. ಆಗ ವಯಸ್ಸು 43. ಜನ ಕಾರ್ಡು ಹರಿದುಹಾಕಿದ ಅದೇ ಊರಿನ ಮುಖ್ಯ ಲೈಬ್ರರಿಗೆ 2005ರಲ್ಲಿ ಅವರ ಹೆಸರು ಇಟ್ಟರು.