ಬೆಳಕು ಬಿದ್ದಿದ್ದು ಸೋಡಿಯಂ ಮೇಲೆ, ಲೆಕ್ಕ ಸಿಕ್ಕಿದ್ದು ತಾಮ್ರದ್ದು

ಸೆಕೆಂಡ್ ಪಿಯುಸಿ ಫಿಸಿಕ್ಸ್ ಓದಿದವರಿಗೆ ಫೋಟೋಎಲೆಕ್ಟ್ರಿಕ್ ಎಫೆಕ್ಟಿನ, ಅಂದ್ರೆ ಬೆಳಕು ಬಿದ್ದ ಲೋಹದಿಂದ ಎಲೆಕ್ಟ್ರಾನ್ ಹೊರಬರೋದರ, ಆ ಗ್ರಾಫ್ ನೆನಪಿರುತ್ತೆ, ಅಡ್ಡಕ್ಕೆ ಬೆಳಕಿನ ಫ್ರೀಕ್ವೆನ್ಸಿ, ಉದ್ದಕ್ಕೆ ಸ್ಟಾಪಿಂಗ್ ಪೊಟೆನ್ಷಿಯಲ್ (ಹೊರಬಂದ ಎಲೆಕ್ಟ್ರಾನನ್ನ ಪೂರ್ತಿ ತಡೆಯೋ ವೋಲ್ಟೇಜ್), ಮಧ್ಯೆ ಒಂದು ನೇರ ಗೆರೆ. ಗೆರೆಯ ಸ್ಲೋಪಿಂದ ಪ್ಲಾಂಕ್ ಸ್ಥಿರಾಂಕ (ಬೆಳಕಿನ ಫ್ರೀಕ್ವೆನ್ಸಿಯನ್ನ ಶಕ್ತಿಗೆ ಜೋಡಿಸೋ ಅಂಕಿ) ಬರುತ್ತೆ, ಅದೇ ಗೆರೆಯನ್ನ ಕೆಳಕ್ಕೆ ಎಳೆದು ವೋಲ್ಟಿನ ಅಕ್ಷಕ್ಕೆ ಮುಟ್ಟಿಸಿದ್ರೆ ಬೆಳಕು ಬಿದ್ದ ಲೋಹದ ವರ್ಕ್ ಫಂಕ್ಷನ್ (ಎಲೆಕ್ಟ್ರಾನನ್ನ ಅದರಿಂದ ಹೊರಗೆ ತೆಗೆಯೋಕೆ ಬೇಕಾದ ಕನಿಷ್ಠ ಶಕ್ತಿ) ಬರುತ್ತೆ ಅಂತ ನಾವೆಲ್ಲ ಬರೆದು ಮಾರ್ಕ್ಸ್ ತಗೊಂಡಿದೀವಿ. ಮೊದಲನೇದು ಸರಿ. ಎರಡನೇದು, ಮೀಟರಲ್ಲಿ ಕಂಡ ವೋಲ್ಟನ್ನ ಹಾಗೇ ಗ್ರಾಫಿಗೆ ಹಾಕಿದ್ರೆ, ತಪ್ಪು. ಅಲ್ಲಿ ಸಿಗೋದು ಎಲೆಕ್ಟ್ರಾನ್ ಹಿಡಿಯೋಕೆ ಎದುರಿಗಿಟ್ಟ ಪ್ಲೇಟಿನ, ಅಂದ್ರೆ ಕಲೆಕ್ಟರಿನ ವರ್ಕ್ ಫಂಕ್ಷನ್.

ಯಾಕೆ ಹೀಗೆ ಅಂತ ನೋಡೋಕೆ ಐನ್‌ಸ್ಟೈನ್‌ಗಿಂತ ನೂರು ವರ್ಷ ಹಿಂದಕ್ಕೆ ಹೋಗ್ಬೇಕು. ಇಟಲಿಯ ವೋಲ್ಟಾ 1790ರ ದಶಕದಲ್ಲೇ ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿದ್ರೆ ಸಾಕು, ಒಂದು ಪ್ಲಸ್ ಆಗುತ್ತೆ ಇನ್ನೊಂದು ಮೈನಸ್ ಆಗುತ್ತೆ ಅಂತ ಹೇಳಿದ್ದ. 1800ರಲ್ಲಿ ಅವನು ಬ್ಯಾಟರಿ ಮಾಡಿ ತೋರಿಸಿದ ಮೇಲೆ ಜಗಳ ಶುರುವಾಯ್ತು, ಕರೆಂಟ್ ಬರೋದು ಲೋಹ ತಾಗೋದ್ರಿಂದಾನಾ ಅಥವಾ ರಾಸಾಯನಿಕ ಕ್ರಿಯೆಯಿಂದಾನಾ ಅಂತ. ಫ್ಯಾರಡೆ ಎರಡನೇ ಕಡೆ ನಿಂತ. ಬ್ಯಾಟರಿ ಮಟ್ಟಿಗೆ ಅವನೇ ಸರಿ, ಆದ್ರೆ ಒಣ ಲೋಹಗಳು ತಾಗಿದಾಗ ಹುಟ್ಟೋ ವೋಲ್ಟೇಜೂ ನಿಜಾನೇ, ಅದನ್ನ ಅಳೆಯೋ ಚಂದದ ವಿಧಾನವನ್ನ ಲಾರ್ಡ್ ಕೆಲ್ವಿನ್ 1898ರಲ್ಲಿ ಪ್ರಕಟಿಸಿದ. ಎಲೆಕ್ಟ್ರಾನ್ ಗೊತ್ತಾಗಿ ಆಗ ಒಂದೇ ವರ್ಷ ಆಗಿತ್ತು.

ಇನ್ನೊಂದು ಕಡೆ 1887ರಲ್ಲಿ ಹರ್ಟ್ಸ್ ಅಲ್ಟ್ರಾವೈಲೆಟ್ ಬೆಳಕು ಬಿದ್ರೆ ಸ್ಪಾರ್ಕ್ ಸುಲಭವಾಗಿ ಹಾರುತ್ತೆ ಅಂತ ಕಂಡುಕೊಂಡ, ಮರುವರ್ಷ ಹಾಲ್‌ವಾಕ್ಸ್ ಸತುವಿನ ತಟ್ಟೆ ಬೆಳಕಲ್ಲಿ ಚಾರ್ಜ್ ಕಳ್ಕೊಳ್ಳೋದನ್ನ ತೋರಿಸಿದ, 1902ರಲ್ಲಿ ಲೆನಾರ್ಡ್ ಬೆಳಕು ಎಷ್ಟೇ ಜೋರಾದ್ರೂ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ ಹೆಚ್ಚಲ್ಲ ಅಂದ, 1905ರಲ್ಲಿ ಐನ್‌ಸ್ಟೈನ್ ಸೂತ್ರ ಕೊಟ್ಟ, ಫೋಟಾನಿನ (ಬೆಳಕಿನ ಒಂದು ಕಣದ) ಶಕ್ತಿಯಲ್ಲಿ ವರ್ಕ್ ಫಂಕ್ಷನ್ ಕಳೆದ್ರೆ ಉಳಿಯೋದೇ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ ಅಂತ. ಇಷ್ಟು ಎಲ್ಲರಿಗೂ ಗೊತ್ತು. ಈ ಎರಡು ಕಥೆ ಪ್ರಯೋಗದ ಒಂದೇ ಗಾಜಿನ ಬುರುಡೆಯೊಳಗೆ ಸೇರ್ಕೊಂಡಿವೆ ಅನ್ನೋದನ್ನ ಮಾತ್ರ ನಮಗೆ ಯಾರೂ ಹೇಳಿಕೊಡಲ್ಲ.

ಎರಡು ಬಾವಿ ಅಂದ್ಕೊಳ್ಳಿ. ಸೋಡಿಯಂ ಬಾವೀಲಿ ನೀರು ಮೇಲೇ ಇದೆ, ಕಟ್ಟೆಯಿಂದ ನೀರಿಗೆ 2.3 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಒಂದು ಚಿಕ್ಕ ಅಳತೆ) ಅಷ್ಟೆ. ತಾಮ್ರದ ಬಾವಿ ಆಳ, ಸುಮಾರು 4.6. ಈ ಆಳವೇ ವರ್ಕ್ ಫಂಕ್ಷನ್. ಎರಡನ್ನೂ ವೈರಲ್ಲಿ ಜೋಡಿಸಿದ ತಕ್ಷಣ ಸೋಡಿಯಂನಿಂದ ಒಂಚೂರು ಎಲೆಕ್ಟ್ರಾನ್ ತಾಮ್ರಕ್ಕೆ ಹರಿದು ನೀರಿನ ಮಟ್ಟ ಎರಡೂ ಕಡೆ ಒಂದೇ ಆಗುತ್ತೆ. ಆಳ ಬದಲಾಗಲ್ಲ, ಹಾಗಾಗಿ ಈಗ ತಾಮ್ರದ ಕಟ್ಟೆ ಸೋಡಿಯಂ ಕಟ್ಟೆಗಿಂತ 2.3ರಷ್ಟು ಎತ್ತರಕ್ಕೆ ಹೋಗಿ ನಿಲ್ಲುತ್ತೆ. ವೋಲ್ಟಾ ಕಂಡಿದ್ದು ಇದನ್ನೇ, ಕಾಂಟ್ಯಾಕ್ಟ್ ಪೊಟೆನ್ಷಿಯಲ್ ಅಂತಾರೆ. ಸೋಡಿಯಂ ನೀರಿಂದ ಎದ್ದ ಎಲೆಕ್ಟ್ರಾನ್ ಮೊದಲು ತನ್ನ ಕಟ್ಟೆ ದಾಟ್ಬೇಕು, ಆಮೇಲೆ ತಾಮ್ರದ ಕಟ್ಟೆಯವರೆಗೂ ಹತ್ತಬೇಕು, ಒಟ್ಟು ಹತ್ತೋದು 2.3ಕ್ಕೆ ಇನ್ನೊಂದು 2.3 ಸೇರಿ 4.6, ಅಂದ್ರೆ ತಾಮ್ರದ ಆಳ! ಸೋಡಿಯಂನ ಅಂಕಿ ಲೆಕ್ಕದಿಂದಾನೇ ಬಿದ್ದುಹೋಯ್ತು.

405 ನ್ಯಾನೋಮೀಟರಿನ ನೇರಳೆ ಬೆಳಕು ಹಾಕಿ ನೋಡಿ, ಒಂದು ಫೋಟಾನಿಗೆ ಸುಮಾರು 3.06 ಎಲೆಕ್ಟ್ರಾನ್ ವೋಲ್ಟ್. ಸೋಡಿಯಂ ದಾಟೋಕೆ ಅದು ಸಾಕು, ಎಲೆಕ್ಟ್ರಾನ್ ಆಚೆ ಬಂದೇ ಬರುತ್ತೆ, ಕೈಯಲ್ಲಿ ಇನ್ನೂ 0.76 ಉಳಿದಿರುತ್ತೆ. ಆದ್ರೆ ಹೊರಗಿಂದ ಏನೂ ವೋಲ್ಟೇಜ್ ಕೊಡದಿದ್ರೆ ಒಂದೂ ತಾಮ್ರ ತಲುಪಲ್ಲ. ತಾಮ್ರಕ್ಕೆ ಹೆಚ್ಚುಕಮ್ಮಿ 1.5 ವೋಲ್ಟ್ ಪ್ಲಸ್ ಕೊಟ್ಟು ಆ ಕಟ್ಟೆಯನ್ನ ತಗ್ಗಿಸಿದ ಮೇಲಷ್ಟೇ ಕರೆಂಟ್ ಕಾಣೋಕೆ ಶುರು. ಬೆಳಕು ಎಲೆಕ್ಟ್ರಾನನ್ನ ಹೊರಗೆ ಹಾಕುತ್ತೋ ಇಲ್ವೋ ಅನ್ನೋ ಮಿತಿ ಮಾತ್ರ ಈಗಲೂ ಸೋಡಿಯಂನದ್ದೇ, ಇದನ್ನೂ ಅದನ್ನೂ ಬೆರೆಸಬಾರದು.

ಇದನ್ನ ಪೂರ್ತಿ ಅರ್ಥ ಮಾಡ್ಕೊಂಡು ಕೆಲಸ ಮಾಡಿದವನು ಶಿಕಾಗೋ ವಿಶ್ವವಿದ್ಯಾಲಯದ ಮಿಲಿಕನ್, ನನಗೆ ಅವನ ಮೇಲೆ ಗೌರವ ಹುಟ್ಟಿದ್ದೂ ಇಲ್ಲೇ. ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂ ಗಾಳಿ ತಾಗಿದ್ರೆ ಕ್ಷಣದಲ್ಲಿ ಕೆಟ್ಟುಹೋಗ್ತವೆ, ಅದಕ್ಕೆ ನಿರ್ವಾತದೊಳಗೇ ಒಂದು ಚಾಕು ಇಟ್ಟು, ಹೊರಗಿಂದ ಮ್ಯಾಗ್ನೆಟ್ಟಲ್ಲಿ ತಿರುಗಿಸಿ ಲೋಹದ ಮೈ ಕೆರೆದು ಹೊಸ ಮೇಲ್ಮೈ ತೆಗೀತಿದ್ದ. ಅಷ್ಟಕ್ಕೇ ಬಿಡಲಿಲ್ಲ, ಕೆರೆದ ಆ ಮೈಗೂ ಆಕ್ಸೈಡ್ ಹಿಡಿಸಿದ ತಾಮ್ರದ ಕಲೆಕ್ಟರಿಗೂ ನಡುವಿನ ಕಾಂಟ್ಯಾಕ್ಟ್ ಪೊಟೆನ್ಷಿಯಲ್ಲನ್ನ ಅದೇ ಬುರುಡೆಯೊಳಗೆ ಕೆಲ್ವಿನ್ ವಿಧಾನದಲ್ಲೇ ಅಳೆದು ಲೆಕ್ಕಕ್ಕೆ ಸೇರಿಸಿದ. 1916ರಲ್ಲಿ ಪ್ಲಾಂಕ್ ಸ್ಥಿರಾಂಕ ಇಂದಿನ ಬೆಲೆಗೆ ಶೇಕಡಾ 1ರೊಳಗೆ ಬಂತು. ಇಷ್ಟೆಲ್ಲ ಮಾಡಿಯೂ, ಸೂತ್ರ ಸರಿ ಅಂದ, ಬೆಳಕು ಕಣ ಅನ್ನೋದನ್ನ ಮಾತ್ರ ಆಗ ಒಪ್ಪಲಿಲ್ಲ.

ನಮ್ಮ ಲ್ಯಾಬುಗಳಲ್ಲಿ ಪ್ಲಾಂಕ್ ಸ್ಥಿರಾಂಕ ಪರವಾಗಿಲ್ಲ ಅನ್ನೋ ಹಾಗೆ ಬರೋದಕ್ಕೆ ಕಾರಣ ಕಾಂಟ್ಯಾಕ್ಟ್ ಪೊಟೆನ್ಷಿಯಲ್ ಎಲ್ಲಾ ಫ್ರೀಕ್ವೆನ್ಸಿಗೂ ಒಂದೇ ಇರೋದು, ಅದು ಗೆರೆಯನ್ನ ಇಡಿಯಾಗಿ ಮೇಲೆ ಕೆಳಗೆ ಸರಿಸುತ್ತೆ, ಸ್ಲೋಪನ್ನ ಮುಟ್ಟಲ್ಲ. ವರ್ಕ್ ಫಂಕ್ಷನ್ ಪುಸ್ತಕದ ಅಂಕಿಗೆ ಹೊಂದಲಿಲ್ಲ ಅಂದಾಗ ಹುಡುಗರು ರೀಡಿಂಗ್ ತಿದ್ದೋದನ್ನ ನೋಡಿದೀನಿ, ತುಂಬಾ ಬೇಜಾರಾಗುತ್ತೆ. ಅವರ ರೀಡಿಂಗ್ ಸರಿಯಾಗೇ ಇದ್ದಿರಬಹುದು, ಅದು ಎದುರಿನ ಪ್ಲೇಟಿನ ಅಂಕಿ ಅಷ್ಟೆ.